ಲುಬಾ ಜನರ ನೆನಪಿನ ಹಲಗೆ ಮತ್ತು ನಮ್ಮ ಸಿದ್ದಿಗಳು



ಆಫ್ರಿಕಾ ಎಂದ ಕೂಡಲೇ ನಮ್ಮಲ್ಲಿ ಅನೇಕರಿಗೆ ದಟ್ಟವಾದ ಕಾಡು, ಸಿಂಹ, ಬರಗಾಲ ಇವಿಷ್ಟೇ ನೆನಪಾಗುತ್ತವೆ. ಅಲ್ಲಿನ ಜನರಿಗೆ ಲಿಪಿ ಇರಲಿಲ್ಲ, ಆದ್ದರಿಂದ ಚರಿತ್ರೆಯೂ ಇರಲಿಲ್ಲ ಎಂದು ಬಹಳ ಕಾಲ ಯುರೋಪಿನ ವಿದ್ವಾಂಸರು ಬರೆದರು. ಅದನ್ನೇ ನಾವೂ ಓದಿಕೊಂಡೆವು. ಈ ಮಾತು ನಿಜವೇ? ಲಿಪಿಯಿಲ್ಲದ ಜನ ತಮ್ಮ ಚರಿತ್ರೆಯನ್ನು ಹೇಗೆ ಕಾಪಾಡಿಕೊಳ್ಳುತ್ತಾರೆ? ಅದನ್ನು ಕಾಪಾಡುವವರಿಂದ ಜನರನ್ನು ಬೇರ್ಪಡಿಸಿದರೆ ಏನಾಗುತ್ತದೆ? ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ಮೊದಲು ಮಧ್ಯ ಆಫ್ರಿಕಾದ ಲುಬಾ ಜನರ ನಾಡಿಗೆ ಹೋಗೋಣ. ಅನಂತರ ನಮ್ಮದೇ ಉತ್ತರ ಕನ್ನಡ ಜಿಲ್ಲೆಯ ಕಾಡುಗಳಿಗೆ ಬರೋಣ.

ಲುಬಾ ಜನರು ಬಾಂಟು ಎಂಬ ದೊಡ್ಡ ಭಾಷಾ ಕುಟುಂಬಕ್ಕೆ ಸೇರಿದವರು. ನಮ್ಮ ಕರಾವಳಿಯ ಬಂಟ ಸಮುದಾಯಕ್ಕೂ ಈ ಹೆಸರಿಗೂ ಯಾವ ಸಂಬಂಧವೂ ಇಲ್ಲ. ಕನ್ನಡ, ತಮಿಳು, ತೆಲುಗು, ತುಳು ಭಾಷೆಗಳು ಒಂದೇ ಕುಟುಂಬದವು ಎಂದು ರಾಬರ್ಟ್ ಕಾಲ್ಡ್‌ವೆಲ್ 1856ರಲ್ಲಿ ತಮ್ಮ ತೌಲನಿಕ ವ್ಯಾಕರಣದಲ್ಲಿ ವಿವರಿಸಿದ್ದು ನಿಮಗೆ ತಿಳಿದಿರಬಹುದು. ಅದಾದ ಕೆಲವೇ ವರ್ಷಗಳಲ್ಲಿ, 1862ರಲ್ಲಿ, ವಿಲ್‌ಹೆಲ್ಮ್ ಬ್ಲೀಕ್ ಎಂಬ ಜರ್ಮನ್ ವಿದ್ವಾಂಸರು ಆಫ್ರಿಕಾದ ಭಾಷೆಗಳನ್ನು ಹೀಗೆಯೇ ಹೋಲಿಸಿ 'ಬಾಂಟು' ಎಂಬ ಹೆಸರನ್ನು ಬಳಕೆಗೆ ತಂದರು. ಲುಬಾ ಭಾಷೆಯಲ್ಲಿ 'ಮುಂಟು' ಎಂದರೆ ಒಬ್ಬ ಮನುಷ್ಯ, 'ಬಾಂಟು' ಎಂದರೆ ಮನುಷ್ಯರು. ಪೂರ್ವ ತೀರದ ಸ್ವಾಹಿಲಿಯಲ್ಲಿ ಇದೇ ಪದಗಳು 'ಮ್ಟು', 'ವಾಟು' ಎಂದಾಗುತ್ತವೆ. ನಾವು 'ಮರ' ಎಂಬುದರ ಕೊನೆಗೆ 'ಗಳು' ಸೇರಿಸಿ ಬಹುವಚನ ಮಾಡುತ್ತೇವೆ. ಅವರು ಪದದ ಮೊದಲಿಗೇ ಬದಲಾವಣೆ ಮಾಡುತ್ತಾರೆ.

ಇಂದಿನ ನೈಜೀರಿಯಾ ಮತ್ತು ಕ್ಯಾಮರೂನ್ ದೇಶಗಳ ಗಡಿ ಪ್ರದೇಶದಿಂದ ಸುಮಾರು 4000ದಿಂದ 5000 ವರ್ಷಗಳ ಹಿಂದೆ ಹೊರಟ ಈ ಭಾಷೆಗಳು, ಬೇಸಾಯ ಮಾಡುವ ಜನರ ಜೊತೆ ಆಫ್ರಿಕಾದ ದಕ್ಷಿಣಾರ್ಧವನ್ನೆಲ್ಲ ವ್ಯಾಪಿಸಿದವು. ಮುಂದೆ ಕಬ್ಬಿಣದ ಕೆಲಸವೂ ಅವರ ಕೈಗೆ ಬಂತು. ಇಂದು ಸುಮಾರು 500 ಬಾಂಟು ಭಾಷೆಗಳಿವೆ, ಅವುಗಳನ್ನಾಡುವವರು 30 ಕೋಟಿಗೂ ಹೆಚ್ಚು.

ಈ ಜನರ ಊಟದಲ್ಲಿ ಮೈಸೂರಿನವರಿಗೆ ಅಪರಿಚಿತವಲ್ಲದ ಒಂದು ವಸ್ತುವಿದೆ. ಅದೇ ರಾಗಿ. ನಾವು ನಮ್ಮ ಮಣ್ಣಿನದೇ ಬೆಳೆ ಎಂದು ತಿಳಿದಿರುವ ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ನಾಡು ಎಂದು ಸಸ್ಯವಿಜ್ಞಾನಿಗಳು ಹೇಳುತ್ತಾರೆ. ಸಾವಿರಾರು ವರ್ಷಗಳ ಹಿಂದೆ ಅದು ಅಲ್ಲಿಂದ ನಮ್ಮಲ್ಲಿಗೆ ಬಂದಿತು. ಇಂದಿನ ಜಾಂಬಿಯಾದ ಉತ್ತರ ಭಾಗದಲ್ಲಿರುವ ಬೆಂಬಾ ಜನರು ತಮ್ಮ ಅರಸು ಮನೆತನ ಲುಬಾ ನಾಡಿನ ಕಡೆಯಿಂದ ಬಂದಿತೆಂದು ಹೇಳಿಕೊಳ್ಳುತ್ತಾರೆ. ಅವರು ಮರದ ಕೊಂಬೆಗಳನ್ನು ಕಡಿದು, ಒಟ್ಟಿ, ಸುಟ್ಟು, ಆ ಬೂದಿಯಲ್ಲಿ ರಾಗಿ ಬಿತ್ತುತ್ತಿದ್ದರು. ನಮ್ಮ ಪಶ್ಚಿಮ ಘಟ್ಟದ ಕುಮರಿ ಬೇಸಾಯ ಇದಕ್ಕೆ ಬಹಳ ಹತ್ತಿರದ್ದು. ಆ ರಾಗಿಯ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ ಗಟ್ಟಿಯಾಗಿ ತೊಳಸಿ, ಕೈಯಿಂದ ಮುರಿದು, ಸಾರಿನಲ್ಲಿ ಅದ್ದಿ ತಿನ್ನುತ್ತಾರೆ. ಅದರ ಹೆಸರು 'ಉಬ್ವಾಲಿ'. ನಾವು ಅದನ್ನು ನೋಡಿದರೆ ಮುದ್ದೆ ಎಂದೇ ಕರೆಯುತ್ತೇವೆ.

ಈಗ ಲುಬಾ ನಾಡಿಗೆ ಬರೋಣ. ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ ಆಗ್ನೇಯ ಭಾಗದಲ್ಲಿ ಲುವಾಲಾಬಾ ಎಂಬ ನದಿ ಹರಿಯುತ್ತದೆ. ಮಹಾನದಿ ಕಾಂಗೋಗೆ ಇದು ಮೂಲಧಾರೆ. ಈ ನದಿ ಹಾದುಹೋಗುವ ಉಪೆಂಬಾ ಎಂಬ ತಗ್ಗು ಪ್ರದೇಶದಲ್ಲಿ ಸಾಲು ಸಾಲು ಕೆರೆಗಳೂ ಜೌಗು ನೆಲವೂ ಇವೆ. ಮೀನು ಹೇರಳ, ನೆಲ ಫಲವತ್ತು. ಕಿಸಾಲೆ ಸರೋವರದ ದಂಡೆಯ ಸಂಗಾ ಎಂಬಲ್ಲಿ 1957 ಮತ್ತು 1958ರಲ್ಲಿ ಉತ್ಖನನ ನಡೆಯಿತು. 1970ರ ದಶಕದಲ್ಲಿ ಬೆಲ್ಜಿಯಂನ ಪಿಯೆರ್ ದ ಮಾರೆ ಎಂಬ ಪುರಾತತ್ತ್ವಜ್ಞರು ಇದೇ ಪ್ರದೇಶದಲ್ಲಿ ಶೋಧನೆಯನ್ನು ಮುಂದುವರಿಸಿದರು. ದೊರೆತ ಸಮಾಧಿಗಳಲ್ಲಿ ಅಂದವಾದ ಮಡಕೆಗಳು, ಕಬ್ಬಿಣದ ಉಪಕರಣಗಳು, ತಾಮ್ರದ ಆಭರಣಗಳು, ಅಧಿಕಾರದ ಗುರುತಾದ ಅಲಂಕೃತ ಕೊಡಲಿಗಳು ಇದ್ದವು. ಮೇಲಿನ ಕಾಲದ ಸಮಾಧಿಗಳಲ್ಲಿ ಶಿಲುಬೆಯಾಕಾರದ ಪುಟ್ಟ ತಾಮ್ರದ ತುಂಡುಗಳು ಸಿಕ್ಕಿದವು. ಅವು ಅಂದಿನ ನಾಣ್ಯಗಳು. ತಾಮ್ರ ಬಂದದ್ದು ದಕ್ಷಿಣದ ಗಣಿಗಳಿಂದ. ಅಂದರೆ ಅಲ್ಲಿ ದೂರದ ವ್ಯಾಪಾರವಿತ್ತು, ಕುಶಲಕರ್ಮಿಗಳಿದ್ದರು, ಆಳುವವರಿದ್ದರು. ನಮ್ಮಲ್ಲಿ ಬಾದಾಮಿಯ ಚಾಲುಕ್ಯರು ಗುಹಾಲಯಗಳನ್ನು ಕೊರೆಸುತ್ತಿದ್ದ ಸುಮಾರಿನಲ್ಲಿ ಉಪೆಂಬಾದಲ್ಲಿ ಜನವಸತಿ ನೆಲೆಗೊಂಡಿತ್ತು. ಅಂದಿನಿಂದ ಇಂದಿನವರೆಗೂ ಅದು ಕಡಿದುಹೋಗಿಲ್ಲ.

ಪುರಾತತ್ತ್ವ ಹೇಳುವುದು ಇಷ್ಟು. ಲುಬಾ ಜನರು ತಾವೇ ಹೇಳಿಕೊಳ್ಳುವ ಚರಿತ್ರೆ ಇನ್ನೊಂದಿದೆ. ಮೊದಲು ಎನ್‌ಕೊಂಗೊಲೊ ಎಂಬ ಕ್ರೂರ ಅರಸನಿದ್ದನಂತೆ. ಅವನ ಹೆಸರು ಕಾಮನಬಿಲ್ಲಿಗೆ ಸಂಬಂಧಿಸಿದ್ದು. ಪೂರ್ವದಿಂದ ಬಂದ ಎಂಬಿಡಿ ಕಿಲುವೆ ಎಂಬ ಬೇಟೆಗಾರ ರಾಜಕುಮಾರ ಆ ಅರಸನ ತಂಗಿಯನ್ನು ಮದುವೆಯಾದ. ಅವರ ಮಗ ಕಲಾಲಾ ಇಲುಂಗಾ ಆಟದಲ್ಲೂ ಯುದ್ಧದಲ್ಲೂ ಸೋದರಮಾವನನ್ನು ಮೀರಿಸಿ ಬೆಳೆದ. ಹೊಟ್ಟೆಕಿಚ್ಚಿನಿಂದ ಮಾವ ಒಂದು ಗುಂಡಿ ತೋಡಿಸಿ, ಅದರ ಮೇಲೆ ಚಾಪೆ ಹಾಸಿ, ಅಲ್ಲಿ ಕುಣಿಯಲು ಅಳಿಯನನ್ನು ಕರೆದ. ಡೋಲು ಬಾರಿಸುವವನು ಬಡಿತದ ಭಾಷೆಯಲ್ಲೇ ಎಚ್ಚರಿಕೆ ಕೊಟ್ಟ. ಕಲಾಲಾ ಇಲುಂಗಾ ತಪ್ಪಿಸಿಕೊಂಡು, ತಂದೆಯ ನಾಡಿನಿಂದ ಸೈನ್ಯದೊಡನೆ ಮರಳಿ ಬಂದು, ಮಾವನನ್ನು ಕೊಂದು, ನ್ಯಾಯದ ಅರಸೊತ್ತಿಗೆಯನ್ನು ಸ್ಥಾಪಿಸಿದ. ಕಂಸ ಮತ್ತು ಕೃಷ್ಣರ ಕಥೆ ಬಲ್ಲ ನಮಗೆ ಈ ಸೋದರಮಾವ ಹೊಸಬನೇನಲ್ಲ. ಇದನ್ನು ನಡೆದದ್ದು ನಡೆದಂತೆ ಹೇಳಿದ ವರದಿ ಎಂದು ಯಾರೂ ತಿಳಿಯಬೇಕಾಗಿಲ್ಲ. ಅರಸನಾದವನು ಹೇಗಿರಬೇಕು, ಹೇಗಿರಬಾರದು ಎಂಬುದನ್ನು ಒಂದು ನಾಡು ತನ್ನ ಮಕ್ಕಳಿಗೆ ಕಲಿಸಿದ ಬಗೆ ಇದು.

ಈ ಕಥೆ, ಅರಸರ ವಂಶಾವಳಿ, ವಲಸೆಯ ದಾರಿ, ಪವಿತ್ರ ಸ್ಥಳಗಳು ಇವೆಲ್ಲವನ್ನೂ ನೆನಪಿಟ್ಟುಕೊಳ್ಳಲು 'ಎಂಬುಡ್ಯೆ' ಎಂಬ ವಿದ್ವಾಂಸರ ಸಂಘವಿತ್ತು. ಇದರ ಸದಸ್ಯರು ಹಂತ ಹಂತವಾಗಿ ದೀಕ್ಷೆ ಪಡೆದು ಮೇಲೇರುತ್ತಿದ್ದರು. ಅವರ ಕೈಯಲ್ಲಿ 'ಲುಕಾಸಾ' ಎಂಬ ಸಾಧನವಿರುತ್ತಿತ್ತು. ಅಂಗೈಯಲ್ಲಿ ಹಿಡಿಸುವಂಥ, ನಡುವೆ ಸ್ವಲ್ಪ ಕಿರಿದಾದ ಮರದ ಹಲಗೆ ಅದು. ಅದರ ಮೇಲೆ ಮಣಿಗಳು, ಚಿಪ್ಪುಗಳು, ಕೆತ್ತಿದ ಗುರುತುಗಳು. ಎಡಗೈಯಲ್ಲಿ ಹಲಗೆ ಹಿಡಿದು, ಬಲಗೈಯ ತೋರುಬೆರಳಿನಿಂದ ಒಂದೊಂದೇ ಮಣಿಯನ್ನು ಮುಟ್ಟುತ್ತಾ ಚರಿತ್ರೆಯನ್ನು ಹಾಡಿ ಹೇಳುತ್ತಿದ್ದರು. ಒಂದು ದೊಡ್ಡ ಮಣಿ ಅರಸನಾಗಬಹುದು, ಸುತ್ತಲಿನ ಚಿಕ್ಕ ಮಣಿಗಳು ಅವನ ಪರಿವಾರವಾಗಬಹುದು, ಒಂದು ಸಾಲು ದಾರಿಯಾಗಬಹುದು. ಅದೇ ಹಲಗೆಯನ್ನು ಇನ್ನೊಂದು ಸಂದರ್ಭದಲ್ಲಿ, ಇನ್ನೊಬ್ಬರು ಬೇರೆ ರೀತಿ ಓದಬಹುದಿತ್ತು.

ಹಾಗಾದರೆ ಇದು ಲಿಪಿಗಿಂತ ಕೀಳಾದದ್ದೆ? ಉತ್ತರಕ್ಕೆ ನಮ್ಮ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯವನ್ನು ನೆನೆಯೋಣ. 1891ರಲ್ಲಿ ಆರಂಭವಾದ ಈ ಸಂಸ್ಥೆಗೆ 1905ರಲ್ಲಿ ತಂಜಾವೂರು ಕಡೆಯ ಪಂಡಿತರೊಬ್ಬರು ಗ್ರಂಥ ಲಿಪಿಯ ತಾಳೆಗರಿಯ ಕಟ್ಟೊಂದನ್ನು ತಂದುಕೊಟ್ಟರು. ಅದನ್ನು ಓದಿದ ಆರ್. ಶಾಮಶಾಸ್ತ್ರಿಗಳು ಅದು ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿ 1909ರಲ್ಲಿ ಪ್ರಕಟಿಸಿದರು. ಅದುವರೆಗೆ ಆ ಗ್ರಂಥದ ಹೆಸರನ್ನು ಇತರ ಕೃತಿಗಳಲ್ಲಿ ಕಂಡವರಿದ್ದರೇ ಹೊರತು ಗ್ರಂಥವನ್ನು ಕಂಡ ಆಧುನಿಕ ವಿದ್ವಾಂಸರಿರಲಿಲ್ಲ. ಬರಹವಿತ್ತು, ಆದರೆ ಅದು ಮಾತನಾಡಿದ್ದು ಓದುವವರ ಕೈ ಸೇರಿದ ಮೇಲೆಯೇ. ತಾಳೆಗರಿಯಾಗಲಿ ಲುಕಾಸಾ ಆಗಲಿ, ಓದಬಲ್ಲ ಮನುಷ್ಯನಿಲ್ಲದಿದ್ದರೆ ಒಂದು ಬರಿಯ ಎಲೆ, ಇನ್ನೊಂದು ಬರಿಯ ಮರ. ಚರಿತ್ರೆ ಉಳಿಯಲು ಗುರುತುಗಳೂ ಬೇಕು, ಅವುಗಳನ್ನು ಓದುವವರೂ ಬೇಕು. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ. ಮುಂದೆ ಇದು ಬೇಕಾಗುತ್ತದೆ.

ಲುಬಾ ರಾಜ್ಯ 19ನೆಯ ಶತಮಾನದ ಉತ್ತರಾರ್ಧದಲ್ಲಿ ಕುಸಿಯಿತು. ದಂತಕ್ಕಾಗಿ, ಗುಲಾಮರಿಗಾಗಿ ಬಂದೂಕು ಹಿಡಿದು ಬಂದ ವ್ಯಾಪಾರಿಗಳು ಅದನ್ನು ಒಳಗಿನಿಂದ ಒಡೆದರು. 1885ರಿಂದ 1908ರವರೆಗೆ ಕಾಂಗೋ ನಾಡೆಲ್ಲ ಬೆಲ್ಜಿಯಂ ದೊರೆ ಎರಡನೆಯ ಲಿಯೊಪೋಲ್ಡ್‌ನ ಖಾಸಗಿ ಆಸ್ತಿಯಂತಾಯಿತು. ರಬ್ಬರಿಗಾಗಿ ನಡೆದ ಕ್ರೌರ್ಯ ಜಗತ್ತಿಗೇ ತಿಳಿದ ವಿಷಯ. ಅನಂತರ ಬೆಲ್ಜಿಯಂ ಸರ್ಕಾರದ ಆಳ್ವಿಕೆ ಬಂದು, 1960ರ ಜೂನ್ 30ರಂದು ದೇಶ ಸ್ವತಂತ್ರವಾಯಿತು. ಇಂದು ಚಿಲುಬಾ ಆ ದೇಶದ ನಾಲ್ಕು ರಾಷ್ಟ್ರೀಯ ಭಾಷೆಗಳಲ್ಲಿ ಒಂದು. ಹಿಂದೆ ತಾಮ್ರದ ನಾಣ್ಯಗಳಿಗೆ ಲೋಹ ಒದಗಿಸಿದ ಆ ದಕ್ಷಿಣದ ಗಣಿ ಪ್ರದೇಶದಿಂದಲೇ ಇಂದು ನಮ್ಮ ಮೊಬೈಲ್ ಫೋನಿನ ಬ್ಯಾಟರಿಗೆ ಬೇಕಾದ ಕೋಬಾಲ್ಟ್ ಬರುತ್ತಿದೆ. ಇಷ್ಟೆಲ್ಲ ಆದರೂ ಲುಬಾ ಜನ ತಮ್ಮ ನೆಲದಲ್ಲಿಯೇ ಉಳಿದರು. ಭಾಷೆ ಉಳಿಯಿತು, ಕಥೆ ಹೇಳುವವರು ಉಳಿದರು.

ಆದರೆ ಹಡಗಿನಲ್ಲಿ ಸಾಗಿಸಲ್ಪಟ್ಟವರ ಗತಿ ಏನು? ಈ ಪ್ರಶ್ನೆಯೊಡನೆ ನಾವು ಕರ್ನಾಟಕಕ್ಕೆ ಬರುತ್ತೇವೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಜೋಯಿಡಾ ತಾಲ್ಲೂಕುಗಳ ಕಾಡಂಚಿನಲ್ಲಿ ಸಿದ್ದಿ ಜನರಿದ್ದಾರೆ. 2011ರ ಜನಗಣತಿಯ ಪ್ರಕಾರ ಪರಿಶಿಷ್ಟ ಪಂಗಡವಾಗಿ ಎಣಿಸಲ್ಪಟ್ಟ ಸಿದ್ದಿಗಳು ದೇಶದಲ್ಲಿ 19,514 ಮಂದಿ. ಅವರಲ್ಲಿ 10,477 ಮಂದಿ ಕರ್ನಾಟಕದವರು, ಉಳಿದವರಲ್ಲಿ ಹೆಚ್ಚಿನವರು ಗುಜರಾತಿನವರು.

ಆಫ್ರಿಕಾದಿಂದ ಭಾರತಕ್ಕೆ ಬಂದವರೆಲ್ಲ ಒಂದೇ ಕಡೆಯವರಲ್ಲ. ಅಹಮದ್‌ನಗರದ ರಾಜ್ಯವನ್ನು ಮೊಘಲರ ವಿರುದ್ಧ ಎತ್ತಿ ನಿಲ್ಲಿಸಿ 1626ರಲ್ಲಿ ತೀರಿಕೊಂಡ ಮಲಿಕ್ ಅಂಬರ್ ಇಥಿಯೋಪಿಯಾದಲ್ಲಿ ಹುಟ್ಟಿದವನು. ಗೋಳಗುಮ್ಮಟ ಕಟ್ಟಿಸಿದ ಮುಹಮ್ಮದ್ ಆದಿಲ್ ಶಾಹನ ಆಸ್ಥಾನದಲ್ಲಿ ಮಂತ್ರಿಯಾಗಿದ್ದ ಇಖ್ಲಾಸ್ ಖಾನ್ ಕೂಡ 'ಹಬ್ಷಿ' ಎನಿಸಿಕೊಂಡವನು. ಆದರೆ ಉತ್ತರ ಕನ್ನಡದ ಸಿದ್ದಿಗಳ ಪೂರ್ವಿಕರಲ್ಲಿ ಬಹುಪಾಲು ಜನ ಬಂದದ್ದು ಪೋರ್ಚುಗೀಸರ ಹಡಗುಗಳಲ್ಲಿ, ಆಗ್ನೇಯ ಆಫ್ರಿಕಾದ ಮೊಜಾಂಬಿಕ್ ತೀರದಿಂದ ಎಂದು ಇತಿಹಾಸಕಾರರು ಹೇಳುತ್ತಾರೆ. 1510ರಲ್ಲಿ ಗೋವಾ ಪೋರ್ಚುಗೀಸರ ವಶವಾಯಿತು. 1752ರವರೆಗೆ ಅವರ ಮೊಜಾಂಬಿಕ್ ಆಡಳಿತ ನಡೆಯುತ್ತಿದ್ದುದೇ ಗೋವಾದ ಕೈಕೆಳಗೆ. ಗುಲಾಮರ ವ್ಯಾಪಾರಕ್ಕೆ ಪೋರ್ಚುಗಲ್ 1836ರಲ್ಲಿ ನಿಷೇಧ ಹಾಕಿತು. ಅದಕ್ಕೆ ಮೊದಲೂ ಆಮೇಲೂ ಒಡೆಯರಿಂದ ತಪ್ಪಿಸಿಕೊಂಡವರು, ಬಿಡುಗಡೆ ಪಡೆದವರು ಗೋವಾದ ಗಡಿ ದಾಟಿ ಘಟ್ಟದ ಕಾಡು ಸೇರಿದರು.

ಇಲ್ಲಿ ವಿಜ್ಞಾನ ನಮ್ಮ ನೆರವಿಗೆ ಬರುತ್ತದೆ. ತಂದೆಯಿಂದ ಮಗನಿಗೆ ಮಾತ್ರ ಬರುವ ವೈ ವರ್ಣತಂತು, ತಾಯಿಯಿಂದ ಮಕ್ಕಳಿಗೆ ಬರುವ ಮೈಟೋಕಾಂಡ್ರಿಯದ ಡಿಎನ್‌ಎ ಇವೆರಡೂ ತಲೆಮಾರುಗಳ ದಾರಿಯನ್ನು ಹೇಳಬಲ್ಲವು. ಹೈದರಾಬಾದಿನ ಕೋಶೀಯ ಮತ್ತು ಅಣುಜೀವವಿಜ್ಞಾನ ಕೇಂದ್ರದ ಕೆ. ತಂಗರಾಜ್ ಮತ್ತು ಸಂಗಡಿಗರು ಕರ್ನಾಟಕ ಹಾಗೂ ಗುಜರಾತಿನ ಸಿದ್ದಿಗಳ ಡಿಎನ್‌ಎ ಪರೀಕ್ಷಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಿದ್ದಿಗಳಲ್ಲಿ ಆಫ್ರಿಕಾದ, ಭಾರತದ ಮತ್ತು ಬಹುಶಃ ಯುರೋಪಿನ ಅಂಶಗಳೂ ಕೂಡಿವೆ, ಆಫ್ರಿಕಾದ ಅಂಶ ಬಾಂಟು ಭಾಷಿಕರದು, ಈ ಬೆರಕೆ ನಡೆದದ್ದು ಸುಮಾರು 200 ವರ್ಷಗಳ ಈಚೆಗೆ ಎಂದು ತಿಳಿದುಬಂತು. ಹೀಗೆ ಲುಬಾ ಜನರೂ ಸಿದ್ದಿಗಳ ಪೂರ್ವಿಕರೂ ಒಂದೇ ದೊಡ್ಡ ಬಾಂಟು ವೃಕ್ಷದ ಕೊಂಬೆಗಳು. ಸಿದ್ದಿಗಳು ಲುಬಾ ಜನರೇ ಎಂದು ಇದರ ಅರ್ಥವಲ್ಲ.

ಆದರೆ ಡಿಎನ್‌ಎ ಎಷ್ಟು ಹೇಳುತ್ತದೆ ಎಂಬುದನ್ನೂ ಗಮನಿಸಿ. ಯಾವ ದಿಕ್ಕಿನಿಂದ ಬಂದರು ಎಂದು ಅದು ಹೇಳುತ್ತದೆ. ಅವರ ಅರಸ ಯಾರು, ಅಜ್ಜಿ ಹೇಳುತ್ತಿದ್ದ ಕಥೆ ಯಾವುದು, ತಾಯಿ ಯಾವ ಹೆಸರಿನಿಂದ ಕರೆಯುತ್ತಿದ್ದಳು ಎಂಬುದನ್ನು ಯಾವ ಪ್ರಯೋಗಶಾಲೆಯೂ ಹೇಳಲಾರದು. ಗುಲಾಮನನ್ನು ಕೊಂಡವನು ಮೊದಲು ಕಿತ್ತುಕೊಳ್ಳುವುದು ಹೆಸರನ್ನು, ಆಮೇಲೆ ಭಾಷೆಯನ್ನು. ಬೇರೆ ಬೇರೆ ನುಡಿಯವರನ್ನು ಒಂದೇ ಹಡಗಿಗೆ ತುಂಬಿದಾಗ ಗುರುತುಗಳೂ ಓದುವವರೂ ಬೇರೆಯಾದರು. ಇಂದು ಕರ್ನಾಟಕದ ಸಿದ್ದಿಗಳ ಮನೆಮಾತು ಹೆಚ್ಚಾಗಿ ಕೊಂಕಣಿಯ ಒಂದು ಬಗೆ. ಹೊರಗೆ ಎಲ್ಲರೂ ಕನ್ನಡ ಆಡುತ್ತಾರೆ. ಅವರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದಾರೆ. ಮೂವರೂ ತಮ್ಮನ್ನು ಸಿದ್ದಿಗಳೆಂದೇ ಕರೆದುಕೊಳ್ಳುತ್ತಾರೆ.

ಎಲ್ಲವೂ ಅಳಿಸಿಹೋಯಿತೇ? ಇಲ್ಲ. ಬಾಂಟು ಭಾಷೆಗಳ ಬಹುಭಾಗದಲ್ಲಿ ಡೋಲಿಗೆ 'ಎನ್‌ಗೋಮಾ' ಎಂಬ ಹೆಸರಿದೆ. ಗುಜರಾತಿನ ಸಿದ್ದಿಗಳು ತಮ್ಮ ಕುಣಿತವನ್ನು ಇಂದಿಗೂ 'ಗೋಮಾ' ಎನ್ನುತ್ತಾರೆ. ಸಮುದ್ರ ದಾಟಿ, ಶತಮಾನಗಳನ್ನು ದಾಟಿ ಬಂದ ಒಂದು ಪದ ಇದು. ನಮ್ಮ ಉತ್ತರ ಕನ್ನಡದ ಸಿದ್ದಿಗಳಲ್ಲಿ ಡಮಾಮಿ ಎಂಬ ವಾದ್ಯ, ಅದರ ಹಾಡು, ಕುಣಿತ ಇವೆ. ಅನೇಕ ಮನೆಗಳಲ್ಲಿ 'ಹಿರಿಯರು' ಎಂದು ಪೂರ್ವಿಕರಿಗೆ ಪೂಜೆ ಸಲ್ಲುತ್ತದೆ. ಹೆಂಗಸರು ಹಳೆಯ ಬಟ್ಟೆಯ ತುಂಡುಗಳಿಂದ ಕವದಿ ಹೊಲಿಯುತ್ತಾರೆ. ನಾಲ್ಕು ಮೂಲೆಗೆ ಬಟ್ಟೆಯನ್ನು ಮಡಿಚಿ 'ಫುಲಾ', ಅಂದರೆ ಹೂವು, ಇಡದಿದ್ದರೆ ಕವದಿ ಮುಗಿದಂತಲ್ಲ ಎನ್ನುತ್ತಾರೆ. ಮೂರು ಮತಗಳ ಮನೆಗಳಲ್ಲೂ ಈ ಕವದಿ ಇದೆ. ಇವುಗಳಲ್ಲಿ ಯಾವುದು ಆಫ್ರಿಕಾದ್ದು, ಯಾವುದು ಇಲ್ಲಿಯದು ಎಂದು ಬೇರ್ಪಡಿಸುವುದು ಸುಲಭವಲ್ಲ, ಅದು ಅಷ್ಟು ಮುಖ್ಯವೂ ಅಲ್ಲ. ಕಳೆದುಕೊಂಡವರು ಸುಮ್ಮನೆ ಕುಳಿತುಕೊಳ್ಳಲಿಲ್ಲ, ಸಿಕ್ಕಿದ್ದನ್ನು ಸೇರಿಸಿ ಹೊಸದಾಗಿ ಹೊಲಿದುಕೊಂಡರು ಎಂಬುದೇ ಮುಖ್ಯ.

ಸಿದ್ದಿಗಳ ದೇಹವನ್ನು ಮಾತ್ರ ನೋಡಿದ ಕಾಲವೂ ಒಂದಿತ್ತು. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆರಿಸಿ ಓಟ, ಜಿಗಿತಗಳಲ್ಲಿ ತರಬೇತಿ ಕೊಡುವ ಯೋಜನೆ ಆರಂಭಿಸಿತು. ಒಳ್ಳೆಯ ಕ್ರೀಡಾಪಟುಗಳು ಮೂಡಿಬಂದರು, ಆದರೆ ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು. ಅದೇ ದಶಕದಲ್ಲಿ ಹೆಗ್ಗೋಡಿನ ನೀನಾಸಂ ಬಳಗ ಸಿದ್ದಿಗಳನ್ನು ನಟರಾಗಿ ಕಂಡು ಅವರೊಡನೆ ನಾಟಕ ಕಟ್ಟಿತು. ಅಂದಿನಿಂದ ರಂಗಭೂಮಿಗೂ ಸಂಗೀತಕ್ಕೂ ಸಿದ್ದಿ ಕಲಾವಿದರು ಬರುತ್ತಲೇ ಇದ್ದಾರೆ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದರು. 2020ರಲ್ಲಿ ಬೆಳಗಾವಿ, ಧಾರವಾಡ ಜಿಲ್ಲೆಗಳ ಸಿದ್ದಿಗಳಿಗೂ ಆ ಸ್ಥಾನ ದೊರೆಯಿತು. ಅದೇ ವರ್ಷ ಶಾಂತಾರಾಮ ಸಿದ್ದಿ ಅವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡು, ರಾಜ್ಯದ ಶಾಸನಸಭೆಯಲ್ಲಿ ಕುಳಿತ ಮೊದಲ ಸಿದ್ದಿ ಎನಿಸಿದರು.

ಆದರೂ ಓದಲೆಂದು, ಕೆಲಸಕ್ಕೆಂದು ನಗರಕ್ಕೆ ಬರುವ ಸಿದ್ದಿ ಯುವಕ ಯುವತಿಯರಿಗೆ ಎದುರಾಗುವ ಮೊದಲ ಪ್ರಶ್ನೆ 'ನೀವು ಯಾವ ದೇಶದವರು?' ಎಂಬುದು. ಯಲ್ಲಾಪುರದವರು ಎಂದರೆ ಜನ ನಂಬುವುದಿಲ್ಲ. ಕನ್ನಡದಲ್ಲೇ ಉತ್ತರ ಕೊಟ್ಟರೂ 'ಕನ್ನಡ ಎಲ್ಲಿ ಕಲಿತಿರಿ?' ಎಂದು ಕೇಳುವವರಿದ್ದಾರೆ. ಮೈಸೂರಿಗೆ ಓದಲು ಬರುವ ಆಫ್ರಿಕಾದ ವಿದ್ಯಾರ್ಥಿಗಳನ್ನು ಬಸ್ಸಿನಲ್ಲಿ ನೋಡಿ ನಗುವುದೂ ಇದೇ ಅಜ್ಞಾನದ ಇನ್ನೊಂದು ಮುಖ. ಚರ್ಮದ ಬಣ್ಣವೆಂಬುದು ಮೆಲಾನಿನ್ ಎಂಬ ವರ್ಣದ್ರವ್ಯದ ಪ್ರಮಾಣ. ಬಿಸಿಲಿನ ತೀವ್ರತೆಗೆ ದೇಹ ಸಾವಿರಾರು ವರ್ಷಗಳಲ್ಲಿ ಹೊಂದಿಕೊಂಡ ರೀತಿ ಅದು. ಅದರಿಂದ ಒಬ್ಬರ ಬುದ್ಧಿಯನ್ನಾಗಲಿ, ನಾಡನ್ನಾಗಲಿ ಅಳೆಯಲು ಬಾರದು. ಎಂಟು ತಲೆಮಾರುಗಳಿಂದ ಈ ನೆಲದಲ್ಲಿ ಬೆವರು ಸುರಿಸಿದವರಿಗೆ ನಾವು ಊರಿನ ಗುರುತಿನ ಚೀಟಿ ಕೇಳುವುದು ನ್ಯಾಯವಲ್ಲ.

ಮಿತ್ರರೇ, ಕೊನೆಯದಾಗಿ ಒಂದು ಕೆಲಸವನ್ನು ಸೂಚಿಸುತ್ತೇನೆ. ಲುಬಾ ನಾಡಿನಲ್ಲಿ ಹಲಗೆ ಓದಲು ದೀಕ್ಷೆ ಬೇಕಿತ್ತು. ನಿಮಗೆ ಒಂದು ನೋಟ್ ಪುಸ್ತಕ ಅಥವಾ ಕೈಯಲ್ಲಿರುವ ಫೋನು ಸಾಕು. ನಿಮ್ಮ ಮನೆಯ, ನೆರೆಯ ಹಿರಿಯರೊಬ್ಬರ ಬಳಿ ಕುಳಿತು ಅವರ ಊರು ಯಾವುದು, ಏಕೆ ಬಿಟ್ಟು ಬಂದರು, ಯಾವ ದಾರಿಯಲ್ಲಿ ಬಂದರು, ಯಾವ ಹಾಡು ನೆನಪಿದೆ ಎಂದು ಕೇಳಿ, ಅವರ ಮಾತಿನಲ್ಲೇ ದಾಖಲಿಸಿ, ದಿನಾಂಕ ಹಾಕಿ ಜೋಪಾನವಾಗಿಡಿ. ಉತ್ತರ ಕನ್ನಡ ಜಿಲ್ಲೆಯ ವಿದ್ಯಾರ್ಥಿಗಳು ನಿಮ್ಮ ಶಾಲೆಯ ಸಿದ್ದಿ ಗೆಳೆಯರನ್ನು ಕೇಳಿ, ಅವರ ಮನೆಯವರು ಒಪ್ಪಿದರೆ ಅವರ ಅಜ್ಜ ಅಜ್ಜಿಯರ ಮಾತನ್ನೂ ದಾಖಲಿಸಿ. ಇತಿಹಾಸದ ಅಧ್ಯಾಪಕರಿಗೆ ತೋರಿಸಿ ತರಗತಿಯಲ್ಲಿ ಚರ್ಚಿಸಿ. ಹೀಗೆ ಕೇಳಿ ಬರೆದಿಟ್ಟವರು ಇಲ್ಲದಿದ್ದುದರಿಂದಲೇ ಸಿದ್ದಿಗಳ ಎಷ್ಟೋ ತಲೆಮಾರುಗಳ ಮಾತು ನಮಗೆ ಸಿಗದೆ ಹೋಯಿತು. ಇನ್ನು ಮುಂದಿನದಾದರೂ ಸಿಗಲಿ.